ತಾರ್ಗಾ ಫ್ಲೋರಿಯೋದ ಎಲಿಷ್ಕಾ

ನಮ್ಮ ಸೂಡಿಯ ಶಾಸನದಲ್ಲಿ ಕಿಸುಕಾಡನ್ನಾಳಿದ ಅಕ್ಕಾದೇವಿಗೆ ‘ಗುಣದ ಬೆಡಂಗಿ’ ಎಂಬ ಬಿರುದಿದೆ. ಕೋಟೆಗೆ ಮುತ್ತಿಗೆ ಹಾಕಿದ ಹೆಣ್ಣು ಅವಳು. ಆ ಊರಿನವಳಾದ ನನಗೆ, ಕಾರಿನ ಪಂದ್ಯದ ಚರಿತ್ರೆ ಓದುವಾಗಲೂ ಕಣ್ಣು ಹುಡುಕಿದ್ದು ಹೆಣ್ಣಿನ ಹೆಸರನ್ನೇ.

ಇಟಲಿಯ ಸಿಸಿಲಿ ದ್ವೀಪದ ಬೆಟ್ಟದ ರಸ್ತೆಗಳಲ್ಲಿ 1906ರಲ್ಲಿ ಶುರುವಾದ ಪಂದ್ಯ ತಾರ್ಗಾ ಫ್ಲೋರಿಯೋ. 1928ರಲ್ಲಿ ಒಂದು ಸುತ್ತಿಗೆ 108 ಕಿಲೋಮೀಟರು, ಅಂಥ ಐದು ಸುತ್ತು. ಚೆಕೊಸ್ಲೊವಾಕಿಯಾದ ಎಲಿಷ್ಕಾ ಯುಂಕೋವಾ ಅಲ್ಲಿಗೆ ಬುಗಾಟಿ ಕಾರು ತಂದಳು. ಯುದ್ಧದಲ್ಲಿ ಕೈಗೆ ಗಾಯವಾಗಿದ್ದ ಗಂಡನಿಗೆ ಗೇರು ಬದಲಿಸುವುದು ಕಷ್ಟವಾದಾಗ ಸ್ಟೀರಿಂಗ್ ಹಿಡಿದವಳು. ತೋಳ್ಬಲ ಸಾಲದೆಂದು ಅರಿತು, ದಾರಿಯನ್ನು ಮೊದಲೇ ನಡೆದು ನೋಡಿ ತಿರುವುಗಳ ಗುರುತು ಇಟ್ಟುಕೊಂಡಳು. ಹೊಸ ಸೊಸೆ ಕತ್ತಲಲ್ಲೂ ಹೊಸ್ತಿಲು ಎಡವದಂತೆ ಮನೆ ಕಲಿಯುವುದಿಲ್ಲವೇ, ಹಾಗೆ! ಎರಡನೆಯ ಸುತ್ತಿನಲ್ಲಿ ಗಂಡಸರೆಲ್ಲರಿಗಿಂತ ಮುಂದಿದ್ದಳು. ಕೊನೆಯಲ್ಲಿ ಕಾರು ಕೈಕೊಟ್ಟು ಐದನೆಯವಳಾದಳು.

ಅದೇ ಜುಲೈನಲ್ಲಿ, ಜರ್ಮನಿಯ ಪಂದ್ಯವೊಂದರಲ್ಲಿ ಗಂಡ ತೀರಿಕೊಂಡ. ಅವಳು ಪಂದ್ಯದ ಬದುಕನ್ನೇ ಬಿಟ್ಟಳು.

1977ರಲ್ಲಿ ಕಾರೊಂದು ನೋಡುಗರ ಮೇಲೆ ನುಗ್ಗಿ ಇಬ್ಬರು ಸತ್ತರು. ಹಳೆಯ ಪಂದ್ಯ ನಿಂತಿತು. ಹೆಸರು ಮಾತ್ರ ರ‍್ಯಾಲಿಯೊಂದಕ್ಕೆ, ಪೋರ್ಷೆ ಕಂಪನಿಯ ‘ತಾರ್ಗಾ’ ಕಾರಿಗೆ ಅಂಟಿಕೊಂಡಿದೆ. ಪಂದ್ಯಕ್ಕೆ ಮುಂಚೆ ದಾರಿ ನಡೆದು ನೋಡುವುದು ಇಂದಿನ ಚಾಲಕರಿಗೂ ವಾಡಿಕೆ. ನನ್ನ ಲೆಕ್ಕದಲ್ಲಿ ದೊಡ್ಡ ಉಳಿಕೆ ಅದು. ಎಲಿಷ್ಕಾ 1994ರವರೆಗೆ ಬದುಕಿದ್ದಳು.