ಬಕೆಟ್ಟಿನ್ಯಾಗ ಬಂದ ಜಾಂಬಳಿ ಹೂವು

ಹ್ವಾದ ತಿಂಗಳು ನಮ್ಮ ಮೈದುನನ ಮಗಳು ಉಣಕಲ್ ಕೆರಿ ದಂಡಿಗೆ ವಾಕಿಂಗ್ ಹೋದಾಕಿ, ಬರೂವಾಗ ಪ್ಲಾಸ್ಟಿಕ್ ಚೀಲದಾಗ ಒಂದು ಗಿಡ ಹಿಡಕೊಂಡು ಬಂದ್ಲು. ಉಬ್ಬಿದ ದೇಟು, ಹೊಳಿಯೋ ಎಲಿ, ಮ್ಯಾಲೆ ಜಾಂಬಳಿ ಹೂವಿನ ಗೊನಿ, ಹೂವಿನ ಎಸಳಿನ ಮ್ಯಾಲೆ ನವಿಲಗರಿ ಕಣ್ಣಿನಂಥಾ ಹಳದಿ ಚುಕ್ಕಿ. "ದೊಡ್ಡವ್ವಾ, ಮಾಳಿಗಿ ಮ್ಯಾಲಿನ ಟಬ್ಬಿನ್ಯಾಗ ಬಿಡೂಣು, ಎಷ್ಟು ಛಂದ ಐತಿ ನೋಡು" ಅಂದ್ಲು. ಛಂದ ಇತ್ತು, ಸುಳ್ಳ್ಯಾಕ ಹೇಳಲಿ. ಟಬ್ಬು ಬ್ಯಾಡ ಅಂತ ಹಳೇ ಬಕೆಟ್ಟಿನ್ಯಾಗ ಇಡಿಸಿದೆ.

ಎರಡು ವಾರದಾಗ ಒಂದು ಗಿಡ ಮೂರಾಗಿತ್ತು. ನಾವು ಬೀಜ ಹಾಕಿಲ್ಲ, ಏನಿಲ್ಲ. ತಾಯಿ ಗಿಡದ ಬುಡದಿಂದ ದಾರದಂಥಾ ಬಳ್ಳಿ ಹೊಂಟು ಅದರ ತುದಿಗೆ ಮರಿ ಕಟ್ಟಿತ್ತು. "ಕೆರ್ಯಾಗ ಇದನ್ನ ಯಾರು ಹಚ್ಚಿದ್ರು?" ಅಂತ ಹುಡುಗಿ ಕೇಳಿದ್ಲು. ಅಕಿಗೆ ಉತ್ತರ ಹುಡಕಲಿಕ್ಕೆ ಹೋಗಿ ಇಷ್ಟೆಲ್ಲಾ ಬರಿಯೋ ಹಂಗಾತು.

ಇದರ ತವರು ದಕ್ಷಿಣ ಅಮೆರಿಕಾದ ಅಮೆಜಾನ್ ಹೊಳಿ ಸೀಮಿ. ಅಲ್ಲಿಂದ ಇಲ್ಲಿತನಕ ತಾನ ಈಸಿಕೊಂತ ಬಂದಿಲ್ಲ. ಹೂವು ಛಂದ ಅಂತ ಮಂದಿ ತಂದ್ರು, ತಮ್ಮ ತೋಟದ ಕೊಳಕ್ಕ ಬಿಟ್ರು, ಥೇಟ್ ನಮ್ಮ ಹುಡುಗಿ ಮಾಡಿದಂಗ. 19ನೇ ಶತಮಾನದ ಕಡೀಕೆ ಬಂಗಾಲಕ್ಕ ಬಂತು. ಮುಂದ ಕೆಲವೇ ದಶಕದಾಗ ಅಲ್ಲಿಯ ಹಳ್ಳ, ಹೊಳಿ, ಭತ್ತದ ಗದ್ದಿ ಮುಚ್ಚಿ, ದೋಣಿ ಸಾಗದಂಗ ಆತು. 1936ರಾಗ ಇದನ್ನ ಕೀಳಸಲಿಕ್ಕಂತನ ಬಂಗಾಲದಾಗ ಒಂದು ಕಾಯ್ದೆ ಮಾಡಬೇಕಾತು. ಮೊದಲನೇ ಮಹಾಯುದ್ಧದ ಕಾಲಕ್ಕ ಅಲ್ಲಿ ಮಂದಿ ಇದಕ್ಕ ಜರ್ಮನ್ ಕಸ ಅಂತ ಕರೀತಿದ್ರು. ಆಗಿನ ವೈರಿ ಜರ್ಮನಿ ಅಲ್ಲೇನ್ರಿ, ಅದಕ್ಕ.

ನಮ್ಮ ಕಡೆ ಮಾತ್ರ ಇದಕ್ಕ ದೇವರ ಹೆಸರು ಸಿಕ್ಕತು, ಅಂತರಗಂಗಿ. ಖರೇ ಅಂತರಗಂಗಿ ಬ್ಯಾರೆ ಐತಿ, ಸಣ್ಣ ಕೋಸಿನ ಗಡ್ಡಿಗತೆ ನೀರಿನ ಮ್ಯಾಲೆ ತೇಲೂದು, ಹಳೇ ಔಷಧದಾಗ ಹಾಕತಿದ್ರು. ಈ ಹೊಸದು ಬಂದು ಅದರ ನೀರೂ ಕಸಗೊಂತು, ಹೆಸರೂ ಕಸಗೊಂತು.

ತವರಿನ್ಯಾಗ ಇದು ಇಷ್ಟು ಮೆರಿಯೂದಿಲ್ಲಂತ. ಅಲ್ಲಿ ಇದರ ಎಲಿ ಕೆರದು ತಿನ್ನೋ ಮೂತಿ ಹುಳ ಅದಾವು, ಹೊಳಿ ತುಂಬಿ ಬಂದಾಗ ರಾಶಿಗಟ್ಟಲೆ ಕೊಚ್ಚಿಕೊಂಡು ಹೋಗತೈತಿ. ಇಲ್ಲಿಗೆ ಬರೂವಾಗ ಗಿಡ ಒಂದ ಬಂತು. ಅತ್ತಿ ಇಲ್ಲ, ನಾದಿನಿ ಇಲ್ಲ, ಕೇಳವರಿಲ್ಲದ ಸಂಸಾರ. ಎಲಿಗೆ ಎಲಿ ಹೆಣಕೊಂಡು ನೀರಿಗೆ ಬಿಸಿಲು ಬೀಳದಂಗ ಹಾಸಿಬಿಡತೈತಿ. ಕೆಳಗಿನ ಸಸಿ ಸಾಯತಾವು, ನೀರಾಗಿನ ಗಾಳಿ ಕಡಿಮಿ ಆಗಿ ಮೀನ ಸಾಯತಾವು. ಸೊಳ್ಳಿಗೆ ಮಾತ್ರ ತೊಟ್ಟಿಲು ಕಟ್ಟಿದಂಗ.

ಆದ್ರ ವೈರಿ ಇಲ್ಲ ಅಂದಷ್ಟಕ್ಕ ಯಾವ ಗಿಡಾನೂ ಬೆಳಿಯೂದಿಲ್ಲ, ಹೊಟ್ಟಿಗೆ ಬೇಕಲ್ಲ. ನೀರಸಾಗರದ ನೀರು, ಮಲಪ್ರಭಾ ನೀರು ಬರೂಕಿಂತ ಮೊದಲು ಹುಬ್ಬಳ್ಳಿ ಮಂದಿ ಕುಡದದ್ದು ಇದ ಉಣಕಲ್ ಕೆರಿ ನೀರು. ಸುತ್ತಲೂ ಬಡಾವಣಿ ಎದ್ದು ನಮ್ಮ ಬಚ್ಚಲದ ನೀರು, ಸಂಡಾಸದ ನೀರು, ಅರಬಿ ಒಗದ ಸಾಬಾಣ ನೀರು ಅದರಾಗ ಇಳೀತು. ನಮಗ ಹೊಲಸು ಅನಸೂದು ಅದಕ್ಕ ಗೊಬ್ಬರ. ಕೆರಿ ಎಷ್ಟು ಸಲ ಸ್ವಚ್ಛ ಮಾಡಿದ್ರೂ ಮತ್ತ ಹಸರಾಗತೈತಿ, ಯಾಕಂದ್ರ ಗಿಡ ತಗದ್ರು, ಬಡಸೂದು ನಿಲ್ಲಸಲಿಲ್ಲ. ಇನ್ನ ಕೆಸರಾಗಿನ ಬೀಜ ಹದಿನೈದು ಇಪ್ಪತ್ತು ವರ್ಷ ಜೀವ ಹಿಡಕೊಂಡು ಇರತಾವಂತ.

ಇದನ್ನ ಓದಕೊಂತ ಕುಂತಾಗ ನನಗ ನೆನಪಾದದ್ದು ಕೆರಿ ಅಲ್ಲ, ನಮ್ಮವ್ವ.

ನನ್ನ ತವರು ಧಾರವಾಡ ಕಡೆ ಎರಿ ಹೊಲದ ಹಳ್ಳಿ. ಸಣ್ಣಾಕಿದ್ದಾಗ ಅವ್ವನ ಜೋಡಿ ಕಳೆ ತಗೀಲಿಕ್ಕೆ ಹೋದ್ರ ಬರೂವಾಗ ಉಡಿ ತುಂಬ ಪಲ್ಯೆ. ಹಕ್ಕರಕಿ, ಗೋಳಿ, ಕಿರಕಸಾಲಿ. ಬಿತ್ತಿದ್ದಲ್ಲ, ಬದುವಿನ ಮ್ಯಾಲೆ ತಾವ ಬಂದದ್ದು. ಅದ ಬದುವಿಗೆ ಕಾಂಗ್ರೆಸ್ ಕಸ ಬಂತು. ಸಣ್ಣ ಬಿಳಿ ಹೂವು ಗಾಂಧಿ ಟೊಪಿಗಿಗತೆ ಕಾಣತಾವು ಅಂತ ಆ ಹೆಸರು ಅಂತಾರ ಕೆಲವರು, ಕಾಂಗ್ರೆಸ್ ಸರ್ಕಾರ ತರಿಸಿದ ಗೋದಿ ಜೋಡಿ ಬಂತು ಅಂತ ಅಂತಾರ ಕೆಲವರು. ಪಿಎಲ್-480 ಗೋದಿ ಕಥಿ ನಾವೆಲ್ಲಾ ಕೇಳೀವಿ. ತಾರೀಖು ಹಿಡದು ನೋಡಿದ್ರ ಜರಾ ಹೊಂದೂದಿಲ್ಲ. ಪುಣೆದಾಗ ಈ ಕಸ ಕಣ್ಣಿಗೆ ಬಿದ್ದದ್ದು 1955ರ ಸುಮಾರಿಗೆ, ಭಾರತ ಆ ಒಪ್ಪಂದಕ್ಕ ಸಹಿ ಹಾಕಿದ್ದು 1956ರ ಆಗಸ್ಟ್‌ನಾಗ. ಅದಕ್ಕೂ ಮೊದಲು 1951ರಾಗ ಸಾಲದ ಮ್ಯಾಲೆ ಅಮೆರಿಕಾದ ಧಾನ್ಯ ಬಂದಿತ್ತು. ಗೋದಿ ಜೋಡಿನ ಬಂದಿದ್ರ ಆ ಮೊದಲಿನ ಚೀಲದಾಗ ಬಂದಿರಬೇಕು ಅನ್ನೂದು ನನ್ನ ಲೆಕ್ಕ.

ಹೆಂಗರ ಬರಲಿ, ಬಂದ ಮ್ಯಾಲೆ ಅದಕ್ಕ ಜಾಗಾ ಮಾಡಿಕೊಟ್ಟವರು ಯಾರು? ಅಗದ ರಸ್ತೆ ದಂಡಿ, ಮಾರಾಟಕ್ಕಂತ ಬಿಟ್ಟ ಬೀಳು ಸೈಟು, ಲಾರಿ ಮಣ್ಣು. ಹುಲ್ಲು ಗಟ್ಟಿಯಾಗಿ ಹಿಡದ ನೆಲದಾಗ ಇದಕ್ಕ ಬೇರು ಬಿಡೂದು ಸುಲಭ ಅಲ್ಲ. ಕೆದರಿ ಬಿಟ್ಟ ಬತ್ತಲೆ ನೆಲ ಸಿಕ್ಕರ ಮುಗೀತು. ಮಳಿ ಬಿದ್ದು ಒಂದು ಒಂದೂವರಿ ತಿಂಗಳಿಗೆ ಹೂವು, ಒಂದು ಗಿಡಕ್ಕ ಹತ್ತು ಹದಿನೈದು ಸಾವಿರ ಬೀಜ. ಮ್ಯಾಲೆ ಎಲಿ, ಬೇರಿನ್ಯಾಗ ವಿಷ ಬ್ಯಾರೆ, ಬಾಜೂದಾಗಿನ ಬೀಜ ಮೊಳಿಯಾಕ ಬಿಡೂದಿಲ್ಲ. ಎಮ್ಮಿ ಇದನ್ನ ಮೂಸಿ ಬಿಡತಾವು. ಮೇವಿನ ಜೋಡಿ ತಪ್ಪಿ ಹೊಟ್ಟಿಗೆ ಹ್ವಾದ್ರ ಹಾಲು ಕಹಿ.

ಅವ್ವ ವರ್ಷಾ ವರ್ಷಾ ಅದನ್ನ ಬರಿಗೈಲೆ ಕಿತ್ತಳು. ಐವತ್ತು ದಾಟಿದ ಮ್ಯಾಲೆ ಕೈ, ಕುತಿಗಿ, ಕಣ್ಣಿನ ರೆಪ್ಪಿ ತುರಸಲಿಕ್ಕೆ ಸುರು ಆತು. ಬಿಸಲಿಗೆ ಹ್ವಾದ್ರ ಹೆಚ್ಚು. ತುರಿಸಿ ತುರಿಸಿ ಚರ್ಮ ಆನಿ ತೊಗಲಿನಂಗ ದಪ್ಪ ಆತು. ನಾವು ದೃಷ್ಟಿ ತಗದ್ವಿ, ಬದ್ನಿಕಾಯಿ ಬಿಡಿಸಿದ್ವಿ, ಸಾಬಾಣ ಬದಲ ಮಾಡಿದ್ವಿ. ಎರಡು ವರ್ಷದ ಮ್ಯಾಲೆ ಒಬ್ಬ ಚರ್ಮದ ಡಾಕ್ಟರು ನೋಡಿ, "ಹೊಲಕ್ಕ ಹೋಗೂದು ಬಿಡ್ರಿ" ಅಂದ್ರು. ಬಿಟ್ಟಳು. ಹೊಲ ಬಿಟ್ಟ ಅವ್ವ ಅಂದ್ರ ಅರ್ಧ ಅವ್ವ. ಒಮ್ಮೆ ನಾನು ಸಂತ್ಯಾಗಿಂದ ಹಕ್ಕರಕಿ ಒಯ್ದಿದ್ದೆ. ಸಿವುಡು ಹಿಡದು ನೋಡಿ, "ಇದಕ್ಕೂ ರೊಕ್ಕ ಕೊಟ್ಟಿ?" ಅಂದು ಮುಖ ಆ ಕಡೆ ತಿರುವಿದ್ಲು.

ತಡೀಲಿಕ್ಕೆ ಪ್ರಯತ್ನ ಆಗಿಲ್ಲ ಅಂತಲ್ಲ. ಮೆಕ್ಸಿಕೋದಿಂದ ಒಂದು ಜಾತಿ ಜೀರುಂಡಿ ತಂದು 1984ರಾಗ ಬೆಂಗಳೂರಾಗ ಬಿಟ್ರು. ಮಳಿಗಾಲದಾಗ ಕಾಂಗ್ರೆಸ್ ಎಲಿ ಬೋಳಸತೈತಿ, ಬ್ಯಾಸಿಗ್ಯಾಗ ಮಣ್ಣಾಗ ಹೊಕ್ಕು ಮಲಗತೈತಿ. ಅಂತರಗಂಗಿಗೂ ಅದರ ತವರಿನ ಮೂತಿ ಹುಳಾನ ತರಿಸಿದ್ರು. ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯದಾಗ ಕುಲಪತಿ ಆಗಿದ್ದ ಡಾ. ಎಂ. ಮಹದೇವಪ್ಪನವರು ಕಾಂಗ್ರೆಸ್ ಕಸದ ಬೆನ್ನ ಹತ್ತಿ ವರ್ಷಗಟ್ಟಲೆ ಕೆಲಸ ಮಾಡಿದ್ರು. ತಗಚಿ ಬಳಗದ ಹಳದಿ ಹೂವಿನ ಗಿಡ ಒತ್ತಾಗಿ ಬೆಳಸಿದ್ರ ಕಾಂಗ್ರೆಸ್ ಹಿಂದ ಸರೀತೈತಿ ಅಂತ ಕಂಡುಬಂತು. ಆ ಹಳದಿ ಹೂವಿನದೂ ಅಮೆರಿಕಾ ಕಡೀದ, ನನಗ ನಗಿ ಬಂತು.

ಬಕೆಟ್ಟಿನ ಮೂರೂ ಗಿಡ ತಗದು ಮಾಳಿಗಿ ಮ್ಯಾಲೆ ಹಾಸಿ ಒಣಗಿಸಿದ್ವಿ, ಬೇರು ಮುರದ್ರ ಪುಡಿ ಆಗೂತನಕ. ನೀರು ಗಟಾರಕ್ಕ ಚೆಲ್ಲಲಿಲ್ಲ, ಅದು ಕೆರಿಗೆ ಹೋಗೂದು. ಕರಿಬೇವಿನ ಬುಡಕ್ಕ ಹಾಕಿದ್ವಿ. ನಮ್ಮ ಬಾಜೂ ಸೈಟಿನ್ಯಾಗ ಕಾಂಗ್ರೆಸ್ ಇನ್ನೂ ಹೂವು ಬಿಟ್ಟಿಲ್ಲ, ಮಳಿಯಾಗಿ ನೆಲ ಮೆತ್ತಗೈತಿ. ಬರೂ ಆಯಿತವಾರ ಮುಂಜೇಲೆ ಕೀಳೂಣು ಅಂತ ಓಣ್ಯಾಗ ಮಾತಾಗೈತಿ. ಕೈಗವಸು ನಾ ತಂದಿಟ್ಟೀನಿ, ತುಂಬು ತೋಳಿನ ಕುಪ್ಪಸ ಹಾಕ್ಕೊಂಡು ಬರ್ರಿ. ಹುಡುಗಿ ಟಬ್ಬು ಖಾಲಿ ಐತಿ ಅಂತ ಮುಖ ಸಣ್ಣ ಮಾಡ್ಯಾಳ. ಯಾರ ಮನ್ಯಾಗರ ನೈದಿಲೆ ಗಡ್ಡಿ ಇದ್ರ ಒಂದು ತುಂಡು ಕೊಡ್ರಿ.