ಕುಲುಮೆಯ ಕಳೆ, ಪ್ಲಾಸ್ಮಾದ ಬೆಳೆ

ಇಂಗಾಲದ ನ್ಯಾನೊ ಎಳೆಗಳ ಕತೆಯನ್ನು 1991ರಿಂದ ಶುರುಮಾಡೋದು ರೂಢಿ. ಜಪಾನಿನ ಸುಮಿಯೊ ಇಜಿಮಾ ನ್ಯಾನೊಟ್ಯೂಬುಗಳ ಬಗ್ಗೆ ಬರೆದ ವರ್ಷ ಅದು. ನನಗೆ ಈ ರೂಢಿ ಒಪ್ಪಿಗೆಯಿಲ್ಲ. ಅದಕ್ಕೂ ನೂರು ವರ್ಷ ಮೊದಲೇ, 1889ರಲ್ಲಿ, ಹ್ಯೂಸ್ ಮತ್ತು ಚೇಂಬರ್ಸ್ ಎಂಬಿಬ್ಬರು ಅಮೆರಿಕದ ಪೇಟೆಂಟು ಪಡೆದಿದ್ದರು: ಕಬ್ಬಿಣದ ಮೂಸೆಯಲ್ಲಿ ಹೈಡ್ರೋಜನ್, ಮೀಥೇನ್ ಕಾಯಿಸಿ ಇಂಗಾಲದ ಎಳೆ ಬೆಳೆಸುವ ವಿಧಾನಕ್ಕೆ. ಬಲ್ಬಿನೊಳಗೆ ಇಂಗಾಲದ ತಂತಿ ಉರಿಯುತ್ತಿದ್ದ ಕಾಲ. ಎಳೆಯ ಒಳಗನ್ನು ನೋಡಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇನ್ನೂ ಹುಟ್ಟಿರಲಿಲ್ಲ, ಅಷ್ಟೆ.

1952ರಲ್ಲಿ ಅದೂ ಆಯ್ತು. ರಾದುಶ್ಕೆವಿಚ್ ಮತ್ತು ಲುಕ್ಯಾನೊವಿಚ್ ಟೊಳ್ಳು ಎಳೆಗಳ ಚಿತ್ರವನ್ನು ಸೋವಿಯತ್ ಪತ್ರಿಕೆಯೊಂದರಲ್ಲಿ ಅಚ್ಚುಹಾಕಿಸಿದರು. ರಷ್ಯನ್ ಭಾಷೆ, ಶೀತಲ ಸಮರದ ದಿನಗಳು. ಪಶ್ಚಿಮದಲ್ಲಿ ಯಾರು ಓದಬೇಕು? ಮರುವರ್ಷ ಊದುಕುಲುಮೆಯ ಇಟ್ಟಿಗೆಗಳಲ್ಲೂ ಇಂಗಾಲದ ಎಳೆಗಳು ಕಂಡವು. ಆದರೆ ಎಂಜಿನಿಯರುಗಳ ಪಾಲಿಗೆ ಅವು ಬರೀ ಕಳೆ.

ಕಳೆ ಕೀಳಬೇಕಾದರೂ ಬೇರು ಗೊತ್ತಿರಬೇಕಲ್ಲ! 1972ರಲ್ಲಿ ಬೇಕರ್ ಮತ್ತು ಸಂಗಡಿಗರು ನಿಕ್ಕಲ್ ಕಣಗಳ ಮೇಲೆ ಅಸಿಟಿಲೀನ್ ಹಾಯಿಸಿ, ಎಳೆ ಬೆಳೆಯುವುದನ್ನು ಸೂಕ್ಷ್ಮದರ್ಶಕದೊಳಗೇ ನೋಡಿದರು. ಅವರು ಕೊಟ್ಟ ವಿವರಣೆ ಸೊಗಸಾಗಿದೆ. ಅನಿಲ ಒಡೆಯುತ್ತೆ, ಇಂಗಾಲ ಲೋಹದೊಳಗೆ ಕರಗಿ ಹಿಂಬದಿಯಿಂದ ಹೊರಬೀಳುತ್ತೆ, ಕಣ ಎಳೆಯ ತಲೆ ಮೇಲೆ ಕೂತು ಸವಾರಿ ಹೊರಡುತ್ತೆ.

ಹಾಗೆ ಬೆಳೆದದ್ದು ಮಾತ್ರ ಗುಂಗುರು ಕೂದಲಿನ ಸಿಕ್ಕು. ಅದನ್ನು ಬಾಚಿದ್ದು ಪ್ಲಾಸ್ಮಾ. 1998ರಲ್ಲಿ ಬಫಲೋದಲ್ಲಿ ರೆನ್ ಅವರ ತಂಡ ನಿಕ್ಕಲ್ ಲೇಪಿಸಿದ ಗಾಜಿನ ಮೇಲೆ, ಅಸಿಟಿಲೀನ್-ಅಮೋನಿಯಾ ಪ್ಲಾಸ್ಮಾದಲ್ಲಿ, 666 ಡಿಗ್ರಿ ಸೆಲ್ಸಿಯಸ್ಸಿಗಿಂತ ಕಡಿಮೆ ಶಾಖದಲ್ಲಿ ನೆಟ್ಟಗೆ ನಿಂತ ಕಾಡನ್ನೇ ಬೆಳೆಸಿತು. (ಅದೇ ಹೊತ್ತಿಗೆ ನಮ್ಮ ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ ಪ್ಲಾಸ್ಮಾ ಇಲ್ಲದೆ, ಫೆರೋಸೀನ್ ಕಾಯಿಸಿ, ಸಾಲುಗಟ್ಟಿದ ನ್ಯಾನೊಟ್ಯೂಬುಗಳನ್ನು ಪಡೆದಿತ್ತು.) ಅಮೋನಿಯಾ ಬೇಡದ ಇಂಗಾಲವನ್ನು ಕೆರೆದು ಹಾಕುತ್ತೆ, ತಳಕ್ಕೆ ಲಂಬವಾಗಿರುವ ವಿದ್ಯುತ್ ಕ್ಷೇತ್ರ ಎಳೆಗಳನ್ನು ನೇರ ನಿಲ್ಲಿಸುತ್ತೆ. ನಂಬಿಕೆ ಬರಲಿಲ್ಲವೇ? 2000ದಲ್ಲಿ ಬೋವರ್ ಮತ್ತಿತರರು ಬೆಳವಣಿಗೆಯ ಮಧ್ಯೆ ಪ್ಲಾಸ್ಮಾ ಆರಿಸಿ ನೋಡಿದರು. ಪ್ಲಾಸ್ಮಾ ಇದ್ದಷ್ಟು ಹೊತ್ತು ನೇರ, ಆರಿದಮೇಲೆ ಗುಂಗುರು!

ಹೀಗೆ ಪ್ಲಾಸ್ಮಾದಲ್ಲಿ ಬೆಳೆದವನ್ನು ಮೊದಮೊದಲು ಟ್ಯೂಬು ಅಂತಲೇ ಕರೆದರೂ, ಎಷ್ಟೋ ಸಲ ಒಳಗಿರೋದು ಒಂದರೊಳಗೊಂದು ಪೇರಿಸಿದ ಲೋಟಗಳಂಥ ರಚನೆ. ಅದಕ್ಕೇ ನ್ಯಾನೊಫೈಬರ್ ಎಂಬ ಬೇರೆ ಹೆಸರು. ಓಕ್ ರಿಜ್ ಪ್ರಯೋಗಾಲಯದವರು ರಂಗೋಲಿಯಂತೆ ನಿಕ್ಕಲ್ ಚುಕ್ಕಿಯಿಟ್ಟು, ಚುಕ್ಕಿಗೊಂದರಂತೆ ಎಳೆ ಬೆಳೆಸಿದರು. 2003ರಲ್ಲಿ ಅಂಥ ಎಳೆಗಳ ತುದಿಯಿಂದ ಜೀವಕೋಶಗಳಿಗೆ ಡಿಎನ್ಎ ಚುಚ್ಚಿದರು. ಕೋಶಗಳು ಸಾಯಲಿಲ್ಲ, ಹಸಿರಾಗಿ ಹೊಳೆದವು.