ಹುಲ್ಲೋ, ಹಾಸೋ?

ಒಂದು ವಸ್ತುವನ್ನು ಕಡೆಗಣಿಸಬೇಕಾದರೆ ನಾವು ಅದನ್ನು ತೃಣಕ್ಕೆ ಸಮಾನವೆನ್ನುತ್ತೇವೆ. ‘ತೃಣೀಕರಿಸು’ ಎಂಬ ಕ್ರಿಯಾಪದವೇ ನಮ್ಮಲ್ಲಿ ರೂಢಿಗೆ ಬಂದಿದೆ. ಆದರೆ ಆ ತೃಣದ ವಿಚಾರವಾಗಿಯೇ ಕಾಲ್ಚೆಂಡಾಟದ ಜಗತ್ತಿನಲ್ಲಿ ನಾಲ್ಕು ದಶಕಗಳಿಗೂ ಮೀರಿ ವಾದ ನಡೆದುಬಂದಿದೆಯೆಂದರೆ ಓದುಗರಿಗೆ ಸೋಜಿಗವಾದೀತು. ಮೈದಾನದಲ್ಲಿ ಇರಬೇಕಾದದ್ದು ಮಣ್ಣಿನಲ್ಲಿ ಬೆಳೆದ ಹುಲ್ಲೋ, ಕಾರ್ಖಾನೆಯಲ್ಲಿ ತಯಾರಾದ ಹಾಸೋ ಎಂಬುದೇ ಆ ವಾದ. ಅದು ಹುಟ್ಟಿ ಬೆಳೆದ ಬಗೆಯನ್ನು ತಿಳಿಯುವುದು ವ್ಯರ್ಥವಾಗಲಾರದು.

ಕೃತಕ ಹಾಸಿಗೆ ಹೆಸರು ತಂದುಕೊಟ್ಟದ್ದು ಕಾಲ್ಚೆಂಡಲ್ಲ, ಬೇಸ್‌ಬಾಲ್. 1965ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಆಸ್ಟ್ರೋಡೋಮ್ ಎಂಬ ಕ್ರೀಡಾಂಗಣ ತೆರೆಯಿತು. ಇಡೀ ಬಯಲಿಗೆ ಛಾವಣಿ; ಬಿಸಿಲು ಒಳಗಿಳಿಯಲೆಂದು ಛಾವಣಿಗೆ ಪಾರದರ್ಶಕ ಫಲಕಗಳು; ಕೆಳಗೆ ನಮ್ಮ ಗಣಪತಿಗೆ ಪ್ರಿಯವಾದ ಗರಿಕೆಯ ಕುಲಕ್ಕೇ ಸೇರಿದ ಹುಲ್ಲು. ಆದರೆ ಫಲಕಗಳ ಪ್ರಖರತೆಗೆ ಕಣ್ಣು ಕೋರೈಸಿ ಮೇಲೆದ್ದ ಚೆಂಡು ಆಟಗಾರರಿಗೆ ಕಾಣದಾಯಿತು. ಫಲಕಗಳಿಗೆ ಬಣ್ಣ ಬಳಿದರು. ಚೆಂಡು ಕಂಡಿತು, ಬೆಳಕಿಲ್ಲದೆ ಗರಿಕೆ ಸತ್ತಿತು! ಸತ್ತ ಹುಲ್ಲಿಗೂ ಹಸುರು ಬಣ್ಣ ಹಚ್ಚಿ ಕೆಲವು ಕಾಲ ಆಟ ಸಾಗಿಸಿದರು. 1966ರಲ್ಲಿ ಮಾನ್‌ಸ್ಯಾಂಟೊ ಕಂಪೆನಿಯ ನೈಲಾನ್ ಹಾಸು ಅಲ್ಲಿಗೆ ಬಂದಿತು. ಕ್ರೀಡಾಂಗಣದ ಹೆಸರಿನಿಂದಲೇ ಅದಕ್ಕೆ ‘ಆಸ್ಟ್ರೋಟರ್ಫ್’ ಎಂಬ ಹೆಸರಾಯಿತು.

ಇಂಗ್ಲೆಂಡಿನ ಲೀಗ್ ಕಾಲ್ಚೆಂಡಿಗೆ ಕೃತಕ ಹಾಸು ಬಂದದ್ದು 1981ರಲ್ಲಿ. ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ತಂಡದವರು ಅದನ್ನು ತಮ್ಮ ಮೈದಾನದಲ್ಲಿ ಹಾಸಿದರು. ಮಳೆಗೆ ಕೆಸರಿಲ್ಲ, ಆಟ ನಿಲ್ಲುವ ಭಯವಿಲ್ಲ. ಪಂದ್ಯವಿಲ್ಲದ ದಿನಗಳಲ್ಲಿ ಇತರರಿಗೂ ಮೈದಾನವನ್ನು ಬಿಟ್ಟುಕೊಡಬಹುದು. ಲ್ಯೂಟನ್, ಓಲ್ಡ್‌ಹ್ಯಾಮ್, ಪ್ರೆಸ್ಟನ್ ತಂಡಗಳೂ ಇದೇ ಹಾದಿ ಹಿಡಿದುವು. ಆದರೆ ಗಟ್ಟಿ ನೆಲದ ಮೇಲಿನ ಆ ತೆಳು ಹಾಸಿನಲ್ಲಿ ಚೆಂಡು ಅಳತೆಮೀರಿ ಪುಟಿಯುತ್ತಿತ್ತು. ಜಾರಿ ಬಿದ್ದವರ ಮೊಣಕಾಲಿನ ಚರ್ಮ ಸುಲಿದು ಸುಟ್ಟಂತಾಗುತ್ತಿತ್ತು. ಹೊರಗಿನಿಂದ ಬಂದ ತಂಡಗಳು ಇದು ಅನ್ಯಾಯವೆಂದು ದೂರಿದುವು. 1988ರಲ್ಲಿ ರೇಂಜರ್ಸ್ ತಂಡವೇ ಹುಲ್ಲಿಗೆ ಮರಳಿತು. ಕೊನೆಯದಾದ ಪ್ರೆಸ್ಟನ್ನಿನ ಹಾಸು 1994ರಲ್ಲಿ ಎದ್ದುಹೋಯಿತು.

ನೆಲ ಬದಲಾದರೆ ಆಟವೇ ಬದಲಾಗುತ್ತದೆಂಬುದನ್ನು ಭಾರತೀಯರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1928ರಿಂದ 1972ರವರೆಗಿನ ಪ್ರತಿಯೊಂದು ಒಲಿಂಪಿಕ್ ಕೂಟದಲ್ಲಿಯೂ ಹಾಕಿಯಲ್ಲಿ ಪದಕ ಗೆದ್ದ ನಮ್ಮ ತಂಡ, ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ಪಂದ್ಯಗಳು ನಡೆದ 1976ರ ಮಾಂಟ್ರಿಯಲ್ ಕೂಟದಲ್ಲಿ ಏಳನೆಯ ಸ್ಥಾನಕ್ಕಿಳಿಯಿತು. ಬೇರೆ ಕಾರಣಗಳೂ ಇದ್ದಿರಬಹುದು. ನೆಲದ ಪಾಲು ಇರಲಿಲ್ಲವೆನ್ನಲಾಗದು.

ಕಾಲ್ಚೆಂಡಿಗೆ ಮರಳೋಣ. ಹಾಸೂ ಬರಬರುತ್ತ ಸುಧಾರಿಸಿತು. ಎಳೆಗಳನ್ನು ಉದ್ದಮಾಡಿ ನಡುವೆ ಮರಳನ್ನೂ ರಬ್ಬರಿನ ಹರಳುಗಳನ್ನೂ ತುಂಬಿದರು. ಬಿದ್ದವರಿಗೆ ಪೆಟ್ಟು ಕಡಮೆಯಾಯಿತು. 2004ರಲ್ಲಿ ಆಟದ ನಿಯಮಾವಳಿಯೇ ಕೃತಕ ಹಾಸಿಗೆ ಒಪ್ಪಿಗೆಯಿತ್ತಿತು. ಬಣ್ಣ ಮಾತ್ರ ಹಸುರೇ ಇರಬೇಕೆಂದು ವಿಧಿಸಿತು.

ಇಲ್ಲಿಂದ ಮುಂದೆ ಓದುಗರು ಎರಡು ಸಂಗತಿಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ತೂಗಿನೋಡಬೇಕು. ಪ್ರೆಸ್ಟನ್ನಿನ ಹಾಸು ಎದ್ದುಹೋದ 1994ರಲ್ಲಿಯೇ ಪುರುಷರ ವಿಶ್ವಕಪ್ ಅಮೆರಿಕದಲ್ಲಿ ನಡೆಯಿತು. ಪಾಂಟಿಯಾಕ್ ಊರಿನ ಸಿಲ್ವರ್‌ಡೋಮ್ ಕ್ರೀಡಾಂಗಣಕ್ಕೆ ಹ್ಯೂಸ್ಟನ್ನಿನದರಂತೆಯೇ ಛಾವಣಿಯಿತ್ತು, ಕೃತಕ ಹಾಸೂ ಇತ್ತು. ಆದರೂ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾನಿಲಯದ ತಜ್ಞರು ಆರು ಮೂಲೆಯ ತಟ್ಟೆಗಳಲ್ಲಿ ಹೊರಗೆ ಹುಲ್ಲು ಬೆಳೆಸಿ, ಅವುಗಳನ್ನು ಒಳಕ್ಕೆ ತಂದು ಒಂದಕ್ಕೊಂದು ಜೋಡಿಸಿ, ನಾಲ್ಕು ಪಂದ್ಯಗಳಿಗಾಗಿ ಹಸುರು ನೆಲವನ್ನೇ ಸೃಷ್ಟಿಸಿದರು. ಹ್ಯೂಸ್ಟನ್ನಿನಲ್ಲಿ ಅಸಾಧ್ಯವೆನಿಸಿದುದು ಮನಸ್ಸು ಮಾಡಿದಾಗ ಸಾಧ್ಯವಾಯಿತು.

ಇನ್ನು ಎರಡನೆಯದು. 2015ರಲ್ಲಿ ಕೆನಡಾ ದೇಶದ ಆರು ನಗರಗಳಲ್ಲಿ ಮಹಿಳೆಯರ ವಿಶ್ವಕಪ್ ನಡೆಯಿತು: 24 ತಂಡಗಳು, 52 ಪಂದ್ಯಗಳು, ಎಲ್ಲವೂ ಕೃತಕ ಹಾಸಿನ ಮೇಲೆ! ಪುರುಷರಿಗೆ ಹುಲ್ಲು, ನಮಗೇಕೆ ಪ್ಲಾಸ್ಟಿಕ್ ಎಂದು ಅಮೆರಿಕದ ಅಬಿ ವಾಂಬಾಕ್ ಮೊದಲಾದ ಹಲವು ದೇಶಗಳ ಆಟಗಾರ್ತಿಯರು 2014ರ ಅಕ್ಟೋಬರಿನಲ್ಲಿ ಒಂಟಾರಿಯೊ ಪ್ರಾಂತದ ಮಾನವ ಹಕ್ಕುಗಳ ನ್ಯಾಯಮಂಡಲಿಗೆ ದೂರಿತ್ತರು. ನ್ಯಾಯ ದೊರಕುವಷ್ಟು ಕಾಲ ಉಳಿದಿರಲಿಲ್ಲ. 2015ರ ಜನವರಿಯಲ್ಲಿ ದೂರನ್ನು ಹಿಂತೆಗೆದುಕೊಂಡು ಅದೇ ಹಾಸಿನ ಮೇಲೆ ಆಡಿದರು. ಅಂತಿಮ ಪಂದ್ಯ ವ್ಯಾಂಕೂವರಿನಲ್ಲಿ ನಡೆದು ಅಮೆರಿಕ ಜಪಾನನ್ನು 5–2ರಿಂದ ಸೋಲಿಸಿತು. 2026ರ ಪುರುಷರ ವಿಶ್ವಕಪ್ಪಿಗೆಂದಾಗ ಅದೇ ವ್ಯಾಂಕೂವರ್ ಮೈದಾನಕ್ಕೆ ನಿಜವಾದ ಹುಲ್ಲನ್ನೇ ಗೊತ್ತುಮಾಡಲಾಯಿತು. ಇದಕ್ಕೆ ಬೇರೆ ವ್ಯಾಖ್ಯಾನ ಬೇಕೆ? ಆ ಆಟಗಾರ್ತಿಯರ ಕೂಗು ಪೂರ್ತಿ ವ್ಯರ್ಥವಾಗಲಿಲ್ಲವೆಂಬುದೊಂದು ಸಮಾಧಾನ: ಮಹಿಳೆಯರ 2019ರ ಮತ್ತು 2023ರ ವಿಶ್ವಕಪ್ಪುಗಳು ಹುಲ್ಲಿನ ಮೇಲೆಯೇ ನಡೆದುವು.

ಹಾಗೆಂದು ಕೃತಕ ಹಾಸನ್ನು ಪೂರ್ತಿಯಾಗಿ ಹಳಿಯುವುದು ಸಲ್ಲ. ಹಿಮ ಮುಚ್ಚುವ ನಾಡುಗಳಲ್ಲಿ, ಹಗಲೆಲ್ಲ ಮಕ್ಕಳ ಕಾಲಿಗೆ ಸಿಕ್ಕಿ ಹುಲ್ಲು ನಿಲ್ಲದ ಇಕ್ಕಟ್ಟಾದ ನಗರಗಳಲ್ಲಿ ಅದು ಆಡಲು ಎಡೆ ಕೊಟ್ಟಿದೆ. ಆದರೆ ಬಿಸಿಲಿನಲ್ಲಿ ಅದು ಹುಲ್ಲಿಗಿಂತ ಬಹಳ ಹೆಚ್ಚಾಗಿ ಕಾಯುತ್ತದೆ. ಅದರ ರಬ್ಬರಿನ ಹರಳುಗಳು ನೆಲ ಜಲಗಳನ್ನು ಸೇರುತ್ತವೆಂದು ಯೂರೋಪಿನ ಒಕ್ಕೂಟ 2023ರಲ್ಲಿ ನಿಯಮ ಮಾಡಿ, 2031ರಿಂದಾಚೆಗೆ ಅವುಗಳ ಮಾರಾಟಕ್ಕೆ ತಡೆ ಹಾಕಿದೆ.

ನಿಮ್ಮ ಊರಿನ ಶಾಲೆಯ ಬಯಲಿಗೂ ನಾಳೆ ಇಂಥ ಹಾಸಿನ ಮಾತು ಬರಬಹುದು. ಆಗ ಬೆಲೆಯನ್ನೂ ಬಾಳಿಕೆಯನ್ನೂ ಅವಶ್ಯವಾಗಿ ಕೇಳಿ. ಅದರ ಮೇಲೆ ಓಡಬೇಕಾದ ಹುಡುಗರನ್ನೂ ಹುಡುಗಿಯರನ್ನೂ ಒಂದು ಮಾತು ಕೇಳುವುದನ್ನು ಮಾತ್ರ ಮರೆಯಬೇಡಿ. ಬೀಳುವವರು ಅವರು, ನೆಲದ ಗುಣವನ್ನು ಅವರ ಮೊಣಕಾಲು ಬಲ್ಲುದು.